ಪಂಪಮ್ಮನ ಬಲಗೈಯ ಬೆಲೆ

ಕೊಟ್ಟೂರಿನಲ್ಲಿ ಪಂಪಮ್ಮನ ರೊಟ್ಟಿ ತಿಂದವರು ಬಹಳ, ಪಂಪಮ್ಮ ಯಾರೆಂದು ಗೊತ್ತಿದ್ದವರು ಕಡಿಮೆ. ಬಸ್ ಸ್ಟ್ಯಾಂಡಿನ ಹಿಂದಿನ ಖಾನಾವಳಿಯಲ್ಲಿ ಉಂಡವರು ಡರ್ ಎಂದು ತೇಗಿ ಖಾನಾವಳಿಯನ್ನು ಹೊಗಳುತ್ತಿದ್ದರೇ ಹೊರತು, ಆ ರೊಟ್ಟಿ ಯಾವ ಓಣಿಯ ಯಾವ ಒಲೆಯಿಂದ ಬಂತು ಎಂದು ಯಾರು ಕೇಳಿದರು? ಉಂಡು ಎದ್ದವನಿಗೆ ಒಲೆಯ ನೆನಪು ಯಾಕೆ, ಬಿಡಿ.

ಪಂಪಮ್ಮನಿಗೆ ತನ್ನ ವಯಸ್ಸು ಗೊತ್ತಿರಲಿಲ್ಲ. ತುಂಗಭದ್ರಾ ಡ್ಯಾಮಿಗೆ ನೀರು ನಿಲ್ಲಿಸಿದ ವರ್ಷ ತಾನು ಅವ್ವನ ಸೊಂಟದ ಮೇಲಿದ್ದೆ ಎನ್ನುವುದಷ್ಟೇ ಅವಳ ಲೆಕ್ಕ. ಗಂಡ ಬೊಮ್ಮಪ್ಪ ಶೇಂಗಾ ಚೀಲ ಹೊರುವ ಹಮಾಲಿ. ಮಗಳು ಗಾದೆಮ್ಮ ಅಂಬೆಗಾಲಿಡುವಾಗಲೇ ಜ್ವರ ಬಂದು ಹೋಗಿಬಿಟ್ಟ. ಅಂದು ಒಲೆಯ ಮುಂದೆ ಕುಳಿತ ಪಂಪಮ್ಮ ಮತ್ತೆ ಏಳಲಿಲ್ಲ. ಎಡಗೈ ರೊಟ್ಟಿ ತಿರುಗಿಸುತ್ತಿತ್ತು, ಬಲಗೈ ಬಡಿಯುತ್ತಿತ್ತು. ಆ ಸದ್ದೇ ಓಣಿಗೆ ಗಡಿಯಾರ. "ಪಂಪಕ್ಕನ ಕೈ ಎದ್ದೈತಿ, ಏಳ್ರಲೇ" ಎಂದು ತಾಯಂದಿರು ಮಕ್ಕಳ ಹೊದಿಕೆ ಎಳೆಯುತ್ತಿದ್ದರು.

ಬಡವಿ ಹೌದು, ಆದರೆ ಠೇಂಕಾರ ಏನು ಕಡಿಮೆ ಇರಲಿಲ್ಲ. ಯಾರ ಮನೆಗೂ ಬರಿಗೈಲಿ ಹೋಗಬಾರದು ಎಂಬುದು ಅವಳ ಹಟ. ಬಾಣಂತಿಯನ್ನು ನೋಡಲು ಹೋದರೆ ಸೆರಗಿನಲ್ಲಿ ಒಂದು ಹಿಡಿ ಕೊಬ್ಬರಿ, ಸತ್ತವರ ಮನೆಗೆ ಹೋದರೆ ಮರುದಿನಕ್ಕೆ ಒಂದು ಅಡಕಲು ರೊಟ್ಟಿ. ಏನೂ ಇಲ್ಲದಿದ್ದ ದಿನ ಹೋಗುವುದನ್ನೇ ಬಿಡುತ್ತಿದ್ದಳು. "ಹೊಟ್ಟಿಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗಿ ಹೂ ನಿಂದು" ಎಂದು ಓಣಿಯವರು ಕಾಡಿಸುತ್ತಿದ್ದರು. "ಜುಟ್ಟರ ಐತಲ್ಲ ನನಗ, ನಿಮಗ ಅದೂ ಇಲ್ಲ" ಎಂದು ತಿರುಗಿಸಿ ಕೊಡುತ್ತಿದ್ದಳು.

ಮಗಳನ್ನು ಹಂಪಸಾಗರದ ಪಾಲಣ್ಣನಿಗೆ ಕೊಟ್ಟಳು. ಪಾಲಣ್ಣ ಸೈಕಲ್ ರಿಪೇರಿ ಮಾಡುವ ಹುಡುಗ, ಬಂಗಾರದಂಥವನು. ಅವನ ತಾಯಿ ಕರಿಯಕ್ಕನ ನಾಲಿಗೆ ಮಾತ್ರ ಸಾಣೆ ಹಿಡಿದದ್ದು. ಮದುವೆಯಲ್ಲಿ ಪಂಪಮ್ಮ ಸಾಲ ಮಾಡಿ ಉಣಬಡಿಸಿದ ಹೋಳಿಗೆಯನ್ನು ಎತ್ತಿ ಹಿಡಿದು ನೋಡಿ, "ತೆಳ್ಳಗ ಅದಾವು, ಹೂರಣ ಕಂಜೂಸಿ ಮಾಡ್ಯಾರ" ಎಂದವಳು. ಆ ಮಾತು ಪಂಪಮ್ಮನ ಎದೆಯಲ್ಲಿ ಮುಳ್ಳಾಗಿ ಕೂತಿತು. ಬೀಗತಿಯ ಬಾಯಿ ಮುಚ್ಚಿಸುವ ದಿನ ಬಂದೀತು ಎಂದು ಕಾದಳು.

ಆ ದಿನ ಬಂದದ್ದು ತೊಂಬತ್ತೇಳರಲ್ಲಿ. ಗಾದೆಮ್ಮ ಮೊದಲ ಬಸುರಿ, ಏಳು ತಿಂಗಳು ತುಂಬಿತ್ತು. ಈ ಕಡೆ ಏಳನೆಯ ತಿಂಗಳಲ್ಲಿ ಬಸುರಿಗೆ ಕುಬುಸ ಮಾಡುತ್ತಾರೆ. ತವರಿನವರು ಹಸಿರು ಸೀರೆ, ಕುಬುಸದ ಖಣ, ಬಳೆ ಒಯ್ದು ಉಡಿ ತುಂಬಬೇಕು. ಅವೆಲ್ಲಕ್ಕಿಂತ ಮುಖ್ಯವಾದದ್ದು ಬುತ್ತಿ. ತವರಿನ ಒಲೆಯ ಮೇಲೆ ಬೆಂದ ರೊಟ್ಟಿ, ಪಲ್ಯ, ಹೋಳಿಗೆ, ಚಟ್ನಿ ಬುಟ್ಟಿ ತುಂಬಿ ಬಂದರೇ ಅದು ಕುಬುಸ. ಬಂದ ಬುತ್ತಿಯನ್ನು ಕೇರಿಗೆಲ್ಲ ಹಂಚುತ್ತಾರೆ, ಹಂಚುವಾಗ ತವರಿನ ಹೆಸರು ಹೇಳುತ್ತಾರೆ. ಪಂಪಮ್ಮ ಎರಡು ದಿನ ಖಾನಾವಳಿಗೆ ರೊಟ್ಟಿ ಇಲ್ಲವೆಂದಳು. ಮಾಲೀಕ ಮುಖ ಊದಿಸಿಕೊಂಡ. ಊದಿಸಿಕೊಳ್ಳಲಿ!

ಓಣಿಯ ಹೆಂಗಸರು ಹಸಿರು ಸೀರೆ, ಬಳೆ ತೆಗೆದುಕೊಂಡು ಬೆಳಗಿನ ಬಸ್ಸಿಗೆ ಹೋದರು. ಬುತ್ತಿ ಬಿಸಿಯಾಗಿ ಹೋಗಬೇಕೆಂದು ಪಂಪಮ್ಮ ಹಿಂದುಳಿದಳು. ಅದೇ ಹೊತ್ತಿಗೆ ಪಕ್ಕದ ಮನೆಯ ಹುಲುಗಣ್ಣ ಈರುಳ್ಳಿ ತುಂಬಿಕೊಂಡು ಬರಲು ಹಂಪಸಾಗರದ ಕಡೆಗೇ ಖಾಲಿ ಟೆಂಪೋ ಹೊರಡಿಸಿದ್ದ. ಟೆಂಪೋ ಅವನದೇ, ಹೆಂಡತಿಯ ಕಿವಿಯದು, ಕೊರಳದು ಎಲ್ಲ ಮಾರಿ ಕೊಂಡದ್ದು. "ಬಾ ಯಕ್ಕಾ, ಬುಟ್ಟಿ ಹೊತಗೊಂಡು ಬಸ್ಸಿನ್ಯಾಗ ಎಲ್ಲಿ ಒದ್ದಾಡ್ತಿ" ಎಂದ. ಬಾಡಿಗೆಯ ಮಾತೇ ಎತ್ತಲಿಲ್ಲ. ಎತ್ತಿದ್ದರೆ ಪಂಪಮ್ಮ ಅವನ ಕಪಾಳಕ್ಕೆ ಎರಡು ಕೊಡುತ್ತಿದ್ದಳು, ಅವಳು ಎತ್ತಿ ಆಡಿಸಿದ ಹುಡುಗ ಅವನು. ಬುಟ್ಟಿ ಮುಂದಿನ ಸೀಟಿನಲ್ಲಿ ಹಿಡಿಸಲಿಲ್ಲ. ಬುತ್ತಿಯನ್ನು ದಾರಿಯಲ್ಲಿ ಕೆಳಗಿಡಬಾರದೆಂದು ಪಂಪಮ್ಮನ ಅವ್ವ ಹೇಳುತ್ತಿದ್ದಳಂತೆ. ಅದಕ್ಕೆ ಹಿಂದಿನ ತೊಟ್ಟಿಯಲ್ಲಿ ಚೀಲ ಹಾಸಿಕೊಂಡು, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು.

ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ರಸ್ತೆಯ ಅಂಚು ಕಿತ್ತುಹೋಗಿತ್ತು. ಎದುರಿನಿಂದ ಒಂದು ಲಾರಿ ನಡುರಸ್ತೆಯಲ್ಲೇ ಬಂತು, ಹುಲುಗಣ್ಣ ಎಡಕ್ಕೆ ಎಳೆದ, ಗಾಲಿ ಅಂಚಿನಿಂದ ಜಾರಿತು. ಲಾರಿ ನಿಲ್ಲಲೇ ಇಲ್ಲ, ಅದರ ನಂಬರು ಯಾರೂ ನೋಡಲಿಲ್ಲ. ಟೆಂಪೋ ಮಗ್ಗುಲಾಗಿ ಮಲಗಿತು. ಬುಟ್ಟಿ ಬಿಟ್ಟು ಜಿಗಿದಿದ್ದರೆ ಪಂಪಮ್ಮನಿಗೆ ತರಚುಗಾಯವಾಗುತ್ತಿತ್ತೇನೋ. ಬಿಡಲಿಲ್ಲ ನೋಡಿ, ಮಗಳ ಬುತ್ತಿ! ಟೆಂಪೋದ ಮಗ್ಗುಲ ಹಲಗೆಗೂ ರಸ್ತೆಗೂ ನಡುವೆ ಬುಟ್ಟಿ ಸಿಕ್ಕಿತು, ಬುಟ್ಟಿ ಹಿಡಿದ ಬಲಗೈ ಸಿಕ್ಕಿತು. ರೊಟ್ಟಿಗಳು ರಸ್ತೆಯುದ್ದಕ್ಕೂ ಹರಡಿ ಬಿದ್ದವು. ಹುಲುಗಣ್ಣ ತನ್ನ ಹಣೆಯ ರಕ್ತ ಒರೆಸಿಕೊಳ್ಳದೆ ಅವಳನ್ನು ಎತ್ತಿಕೊಂಡು ಅಡ್ಡ ಬಂದ ಜೀಪಿಗೆ ಹಾಕಿದ. ಜೀಪು ಹೊರಡುವಾಗ ಪಂಪಮ್ಮ ಕಂಡದ್ದು ಒಂದೇ, ನಾಯಿಗಳು ಬಂದು ಹೋಳಿಗೆಗೆ ಬಾಯಿ ಹಾಕುತ್ತಿದ್ದವು.

ದಾವಣಗೆರೆಯ ಆಸ್ಪತ್ರೆಯಲ್ಲಿ ಕೈ ಉಳಿಯಿತು. ಉಳಿಯಿತು ಅಂದರೆ ಮೈಗೆ ಅಂಟಿಕೊಂಡಿತು, ಅಷ್ಟೇ. ಬೆರಳುಗಳು ಕೊಕ್ಕೆಯಾಗಿ ಬಾಗಿ ನಿಂತವು. ಬಿಡಿಸಲು ಬರಲಿಲ್ಲ, ಮಡಚಲೂ ಬರಲಿಲ್ಲ. "ಇನ್ನೊಂದು ಆಪರೇಷನ್ ಮಾಡಿದರೆ ಬೆರಳು ಆಡಬಹುದಮ್ಮ, ಆದರೆ ತಡ ಮಾಡಬೇಡಿ, ನರ ಬಿಗಿದುಬಿಡ್ತವೆ" ಎಂದರು ಡಾಕ್ಟರು. ಅದಕ್ಕೆ ಬೇಕಾದ ದುಡ್ಡಿನ ಮಾತು ಕೇಳಿ ಪಾಲಣ್ಣ ಗೋಡೆ ಹಿಡಿದು ಕುಳಿತ. ಮೊದಲ ಆಪರೇಷನ್ನಿಗೇ ಅವನ ಅಂಗಡಿ ಅಡವಾಗಿತ್ತು.

ಅತ್ತ ಹಂಪಸಾಗರದಲ್ಲಿ ಕುಬುಸ ಹೇಗೋ ಮುಗಿದಿತ್ತು. ಬಂದ ಜನ ಉಣ್ಣದೆ ಹೋಗಬಾರದೆಂದು ಕರಿಯಕ್ಕನೇ ಅನ್ನ ಸಾರು ಮಾಡಿ ಹಾಕಿದಳು. ಮೊಮ್ಮಗ ಹುಟ್ಟಿದ. ಕೂಸು ರಚ್ಚೆ ಹಿಡಿದಾಗಲೆಲ್ಲ ಕರಿಯಕ್ಕ ಒಂದೇ ರಾಗ: "ತವರ ಬುತ್ತಿ ಕಾಣದ ಕೂಸು, ಅಳಲಾರದ ಏನ್ಮಾಡೀತು." ನೆರೆಯವರ ಮುಂದೆ ಇನ್ನೊಂದು ಮಾತು: "ಬುಟ್ಟಿ ತುಂಬಾ ತಂದಿದ್ಲಂತ. ಯಾರು ನೋಡ್ಯಾರ? ನಾಕು ರೊಟ್ಟಿ ಇದ್ವೋ ಏನೋ, ನಾಯಿಗೇ ಗೊತ್ತು." ಗಾದೆಮ್ಮ ಇದನ್ನು ಅವ್ವನಿಗೆ ಹೇಳಬಾರದಾಗಿತ್ತು. ಹೇಳಿಬಿಟ್ಟಳು. ಪಂಪಮ್ಮ ಆವತ್ತು ಉಣ್ಣಲಿಲ್ಲ.

ಕೂಡ್ಲಿಗಿಯ ವಕೀಲ ಗುರುಬಸವರಾಜನ ಹತ್ತಿರ ಕರೆದುಕೊಂಡು ಹೋದವನೂ ಹುಲುಗಣ್ಣನೇ. "ನನ್ನ ಗಾಡಿಗೆ ಇನ್ಸೂರನ್ಸ್ ಐತಿ ಯಕ್ಕಾ, ಕಂಪನಿಯವರು ಕೊಡ್ತಾರ, ನನ್ನ ಮ್ಯಾಲೆ ಕೇಸ್ ಹಾಕು" ಎಂದ. ತನ್ನ ಮೇಲೆ ತಾನೇ ಕೇಸು ಹಾಕಿಸುವ ಪ್ರಾಣಿ ಈ ಲೋಕದಲ್ಲಿ ಇನ್ನೊಂದು ಇದ್ದೀತೆ? ಗುರುಬಸವರಾಜ ಒಳ್ಳೆಯವನು, ಗೆದ್ದ ಮೇಲೆ ಫೀಸು ಕೊಡು ಎಂದವನು. ಆದರೆ ಮಾತು ಕತ್ತರಿಯ ಹಾಗೆ.

"ನೋಡಬೇ, ಕೈಗೆ ಬೆಲಿ ಕಟ್ಟೋದು ಮೂರು ಮಾತಿನ ಮ್ಯಾಲೆ. ನಿನ್ನ ಗಳಿಕಿ ಎಷ್ಟು, ವಯಸ್ಸು ಎಷ್ಟು, ಕೈ ಎಷ್ಟು ಪರ್ಸೆಂಟು ಕೆಟ್ಟೈತಿ."

"ಪರ್ಸೆಂಟು ಅಂದ್ರ?"

"ನೂರಕ್ಕ ಎಷ್ಟು ಅಂತ."

"ರೊಟ್ಟಿ ಬಡಿಯಾಕ ಬರವಲ್ದು. ನೂರಕ್ಕ ನೂರು ಬರಕೊಳ್ರಿ."

ಹಾಗೆ ಬರೆದುಕೊಳ್ಳುವುದಿಲ್ಲ ಕೋರ್ಟು. ಡಾಕ್ಟರು ಕೈ ನೂರಕ್ಕೆ ನಲವತ್ತು ಕೆಟ್ಟಿದೆ ಎಂದರು. ಆಮೇಲೆ ಅದನ್ನು ಇಡೀ ಮೈಗೆ ಹೋಲಿಸಿ ಮೂರರಲ್ಲಿ ಒಂದು ಪಾಲು ಮಾಡಿದರು. ರೊಟ್ಟಿ ಬಡಿಯುವವಳ ಮೈಯೆಲ್ಲ ಆ ಕೈಯಲ್ಲೇ ಇತ್ತು ಎಂದು ಹೇಳಲು ಆ ಕಾಗದದಲ್ಲಿ ಜಾಗ ಇರಲಿಲ್ಲ. ಗಳಿಕೆಗೆ ಸಾಕ್ಷಿ ಕೇಳಿದರೆ ಖಾನಾವಳಿಯ ಮಾಲೀಕ, "ಕಾಗದದಾಗ ಬರದುಕೊಟ್ರ ನಾಳೆ ಟ್ಯಾಕ್ಸಿನವರು ನನ್ನ ಕುತ್ತಿಗಿಗೆ ಬೀಳ್ತಾರ" ಎಂದು ಕೈಮುಗಿದ. ಹಾಗಾಗಿ ಕೂಲಿಯವಳ ಕೂಲಿ ಹಿಡಿದರು. ವಯಸ್ಸಿನದು ಇನ್ನೊಂದು ಫಜೀತಿ. ಆಸ್ಪತ್ರೆಯಲ್ಲಿ ಯಾರೋ ಅವಳ ಬಿಳಿ ಕೂದಲು ನೋಡಿ ಐವತ್ತೈದು ಎಂದು ಗೀಚಿದ್ದರು. ವಯಸ್ಸು ಏರಿದಷ್ಟು ಕೈಯ ಬೆಲೆ ಇಳಿಯುತ್ತದೆ. "ಡ್ಯಾಮು ಕಟ್ಟುವಾಗ ನಾನು ಕೂಸಿದ್ದೆ ಅಂತ ಡ್ಯಾಮನ್ನ ಕರಸ್ರಿ ಸಾಕ್ಷಿಗೆ" ಎಂದಳು ಪಂಪಮ್ಮ ಸಿಟ್ಟಿನಿಂದ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ ನಮ್ಮವರು. ಕೋರ್ಟಿಗೆ ಬೇಕಪ್ಪ, ಅದೂ ಸೀಲು ಒತ್ತಿದ ಕನ್ನಡಿ.

ಇಷ್ಟೆಲ್ಲ ಕೂಡಿ ಕಳೆದು, ಇಷ್ಟು ಸಿಗಬಹುದು ಎಂದು ವಕೀಲ ಹೇಳಿದ ಮೊತ್ತ ಪಂಪಮ್ಮ ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಆದರೂ ಎರಡನೆಯ ಆಪರೇಷನ್ನಿಗೆ ಸಾಕು, ಪಾಲಣ್ಣನ ಅಂಗಡಿ ಬಿಡಿಸಲೂ ಸಾಕು. ಅವಳಿಗೆ ಬೇಕಾದದ್ದು ಅಷ್ಟೇ. ದಿನ ಬೆಳಗಾದರೆ ಕೊಕ್ಕೆ ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿ, ಎಡಗೈಯಿಂದ ಒಂದೊಂದೇ ಬೆರಳು ಹಿಡಿದು ಎಳೆಯುತ್ತಿದ್ದಳು. "ಇನ್ನೊಂದೀಟು ತಡಕೋ ನನ್ನವ್ವ" ಎಂದು ಕೈಗೆ ಹೇಳುತ್ತಿದ್ದಳು.

ಅಷ್ಟರಲ್ಲಿ ಕಂಪನಿಯವರು ತಕರಾರು ಎತ್ತಿದರು. ಗುರುಬಸವರಾಜ ಅವಳನ್ನು ಕೂರಿಸಿಕೊಂಡು ತಿಳಿಸಿ ಹೇಳಿದ.

"ಇದು ಮಾಲು ಸಾಗಿಸೋ ಗಾಡಿ. ಮಾಲಿನ ಜೊತಿಗೆ ಅದರ ಒಡತಿ ಕುಂತಿದ್ರ ಕಂಪನಿ ದುಡ್ಡು ಕೊಡತೈತಿ. ಸುಮ್ಮನ ಕುಂತಿದ್ರ ಬಿಟ್ಟಿ ಪ್ಯಾಸೆಂಜರು, ಕಂಪನಿ ಕೈ ಎತ್ತತೈತಿ. ಆವಾಗ ಕೋರ್ಟು ದುಡ್ಡು ಕೊಡು ಅನ್ನೋದು ಹುಲುಗಣ್ಣಗ."

"ಅವನ ಹಂತೇಲಿ ಏನೈತ್ರಿ? ಆ ಟೆಂಪೋ ಒಂದ ಐತಿ."

"ಅದಕ್ಕ ಹೇಳೋದು. ನೀ ರೊಟ್ಟಿ ಮಾರಾಕಿ ಹೌದಿಲ್ಲೋ? ಬುಟ್ಟಿಯೊಳಗ ರೊಟ್ಟಿ ಇದ್ದದ್ದು ಖರೆ ಹೌದಿಲ್ಲೋ? ಹಗರಿಬೊಮ್ಮನಹಳ್ಳಿ ಖಾನಾವಳಿಗೆ ಮಾರಾಕ ಒಯ್ತಿದ್ದೆ, ಹುಲುಗಣ್ಣಗ ಬಾಡಿಗಿ ಕೊಟ್ಟೀನಿ ಅನ್ನು. ಮುಗೀತು."

"ಬುತ್ತೀನ ಮಾರಾಟದ್ದು ಅನ್ಲೇನ್ರಿ?"

"ಒಂದು ಮಾತಬೇ. ಒಂದೇ ಮಾತು. ಕೈ ಬೇಕೋ ಬ್ಯಾಡೋ?"

ಬೇಕು. ಯಾರಿಗೆ ಬೇಡ? ಬೊಮ್ಮನಹಳ್ಳಿಯ ಕಡೆಗೆ ಬಂದಿದ್ದ ಟೆಂಪೋ ಅದನ್ನು ದಾಟಿದ ಮೇಲೆ ಬಿದ್ದದ್ದು ಹೇಗೆ ಎಂದು ಕೇಳಿದರೆ, ಖಾನಾವಳಿ ತೆರೆದಿರಲಿಲ್ಲ, ಹಂಪಸಾಗರದಲ್ಲಿ ಮಾರಿದರಾಯಿತು ಎಂದು ಮುಂದೆ ಹೊರಟಿದ್ದೆ ಅನ್ನಬೇಕು. ಇದನ್ನೂ ವಕೀಲನೇ ಹೇಳಿಕೊಟ್ಟ. ಪಂಪಮ್ಮ ಒಲೆಯ ಮುಂದೆ ಕುಳಿತು ಅದನ್ನೇ ಬಾಯಿಪಾಠ ಮಾಡಿದಳು. ಹುಲುಗಣ್ಣ ಬಂದು ಮಾಸ್ತರನ ಹಾಗೆ ಒಪ್ಪಿಸಿಕೊಳ್ಳುತ್ತಿದ್ದ. ಒಮ್ಮೆಯೂ ತಪ್ಪಲಿಲ್ಲ ಅವಳು. ಸುಳ್ಳಿಗೆ ಹೆದರುವ ಹೆಂಗಸೇನಲ್ಲ, ಸಾಲ ಕೊಟ್ಟವರ ಮುಂದೆ ದಿನಕ್ಕೊಂದು ಹೇಳಿ ಬದುಕಿದವಳು.

ಸಾಕ್ಷಿಯ ದಿನ ಕೂಡ್ಲಿಗಿಯ ಕೋರ್ಟಿಗೆ ಹಂಪಸಾಗರದಿಂದ ಪಾಲಣ್ಣ ಬಂದ, ಮಗುವನ್ನು ಎತ್ತಿಕೊಂಡು ಗಾದೆಮ್ಮ ಬಂದಳು. ಕೋರ್ಟು ಹೆಂಗಿರತೈತಿ ನೋಡಬೇಕು ಎಂದು ಕರಿಯಕ್ಕನೂ ಬಂದಳು. ಬಂದವಳು ಹಿಂದಿನ ಬೆಂಚಿನಲ್ಲಿ ಎಲೆ ಅಡಿಕೆ ಮೆಲ್ಲುತ್ತ ಕುಳಿತಳು. ಜವಾನ ಬಂದು ಉಗುಳಿಸಿದ.

ಮೊದಲಿಗೆ ಗುರುಬಸವರಾಜ ಕೇಳಿದ, ಪಂಪಮ್ಮ ಬಾಯಿಪಾಠ ಒಪ್ಪಿಸಿದಳು. ಆಮೇಲೆ ಕಂಪನಿಯ ವಕೀಲರು ಎದ್ದರು. ಹರಪನಹಳ್ಳಿ ಸೀಮೆಯವರು, ತಲೆ ನೆರೆತ ಮನುಷ್ಯ. ಜೋರಾಗಿ ಮಾತಾಡಲಿಲ್ಲ, ಗದರಿಸಲಿಲ್ಲ. ಅಕ್ಕತಂಗಿಯರ ನಡುವೆ ಬೆಳೆದವರ ಹಾಗೆ ಮೆಲ್ಲಗೆ ಕೇಳಿದರು.

"ಏನಮ್ಮ, ಆವತ್ತು ನಿನ್ನ ಮಗಳ ಕುಬುಸ ಇತ್ತಲ್ಲ?"

"ಇತ್ರಿ. ರೊಟ್ಟಿ ಮಾರಿ ಅಲ್ಲಿಗೇ ಹೋಗೋದಿತ್ತು." ಇದೂ ಪಾಠದಲ್ಲಿ ಇದ್ದದ್ದೇ.

"ಬುಟ್ಟಿ ಎಷ್ಟಿದ್ವು?"

"ಒಂದ ರಿ."

"ಅದರಾಗಿನ ರೊಟ್ಟಿ ಎಲ್ಲ ಮಾರಾಟಕ್ಕೇನಾ?"

"ಹೂಂ ರಿ."

"ಬೇರೆ ಗಂಟು, ಚೀಲ ಏನಾದ್ರೂ?"

"ಇಲ್ರಿ."

ವಕೀಲರು ಕನ್ನಡಕ ತೆಗೆದರು. "ಹಂಗಾದ್ರೆ ಹೆತ್ತ ಮಗಳ ಕುಬುಸಕ್ಕೆ ನೀನು ಬರಿಗೈಲಿ ಹೊಂಟಿದ್ದೆ ಅನ್ನು."

ಪಂಪಮ್ಮನ ಬಾಯಿಪಾಠದಲ್ಲಿ ಈ ಮಾತು ಇರಲಿಲ್ಲ. ಗುರುಬಸವರಾಜನಿಗೆ ಇದು ಹೊಳೆದಿರಲೇ ಇಲ್ಲ, ಗಂಡಸು, ಬುತ್ತಿ ಉಂಡವನೇ ಹೊರತು ಹೊತ್ತವನಲ್ಲ. ಹೌದು ಅನ್ನು, ಹೌದು ಅನ್ನು ಎಂದು ಅವನು ಕಣ್ಣಲ್ಲೇ ಹೇಳುತ್ತಿದ್ದ. ಪಂಪಮ್ಮ ಹಿಂದಿನ ಬೆಂಚು ನೋಡಿದಳು. ಗಾದೆಮ್ಮ ಮಗುವಿನ ತಲೆಯ ಮೇಲೆ ಸೆರಗು ಎಳೆದು ಕೆಳಗೆ ನೋಡುತ್ತಿದ್ದಳು. ಕರಿಯಕ್ಕ ಮಾತ್ರ ಕುತ್ತಿಗೆ ಮುಂದೆ ಚಾಚಿ, ಕಿವಿಗೆ ಕೈ ಕೊಟ್ಟು ಕಾಯುತ್ತಿದ್ದಳು.

"ಹೇಳಮ್ಮ, ಬರಿಗೈಲಿ ಹೋಗ್ತಿದ್ದೆಯಾ?" ಎಂದರು ಜಡ್ಜ್ ಸಾಹೇಬರು.

"ಯಾರ್ರೀ ಬರಿಗೈಲೆ ಹೋಗ್ಯಾರ!" ಪಂಪಮ್ಮನ ದನಿಗೆ ಫ್ಯಾನಿನ ಕೆಳಗೆ ತೂಕಡಿಸುತ್ತಿದ್ದ ಪೊಲೀಸಪ್ಪ ಎದ್ದು ಕುಳಿತ. "ನನ್ನ ಮಗಳ ಮನಿಗೆ ನಾ ಬರಿಗೈಲೆ ಹೋಗ್ತೀನೇನ್ರಿ? ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡಿದ್ದೆ. ಜ್ವಾಳದ ಖಡಕ್ ರೊಟ್ಟಿ ಒಂದು ಅಡಕಲು, ಮೆತ್ತನ್ನವು ಒಂದು ಅಡಕಲು. ಬದನಿಕಾಯಿ ಎಣ್ಣಿಗಾಯಿ, ಪುಂಡಿ ಪಲ್ಯ, ಮಸರನ್ನ, ಚಿತ್ರಾನ್ನ. ಶೇಂಗಾ ಹೋಳಿಗಿ ಬ್ಯಾರೆ, ಬ್ಯಾಳಿ ಹೋಳಿಗಿ ಬ್ಯಾರೆ, ಹೂರಣ ಹೊರಗ ಚೆಲ್ಲಂಗ ತುಂಬಿದ್ದೆ. ಕರ್ಚಿಕಾಯಿ, ಎಳ್ಳುಂಡಿ. ಎರಡು ದಿವಸ ನಿದ್ದಿಗೆಟ್ಟು ಮಾಡೀನ್ರಿ. ಕುಬುಸದ ಬುತ್ತಿ ಯಾರಾರ ಮಾರ್ತಾರೇನ್ರಿ? ಇದ ಕೈಲೇ ಹಿಡಕೊಂಡಿದ್ದೆ, ಬಿಟ್ಟಿದ್ರ ಈ ಕೈ ಉಳೀತಿತ್ತು. ಬಿಡಲಿಲ್ಲ ನಾ!"

ಕೊಕ್ಕೆ ಬೆರಳಿನ ಕೈಯನ್ನು ಎತ್ತಿ ಇಡೀ ಕೋರ್ಟಿಗೆ ತೋರಿಸಿದಳು. ಜಡ್ಜ್ ಸಾಹೇಬರು ಟೈಪಿಸ್ಟನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿ ಬರೆಸಿದರು. ಕಂಪನಿಯ ವಕೀಲರು ಕುಳಿತುಬಿಟ್ಟರು, ಅವರಿಗೆ ಬೇಕಾದದ್ದು ಸಿಕ್ಕಿತ್ತು. ಆದರೆ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ ಎಂಬುದನ್ನೂ ಹೇಳಬೇಕು. ಪಂಪಮ್ಮ ಕಟಕಟೆಯಿಂದ ಇಳಿಯುವಾಗ ನಿಂತು ಟೈಪಿಸ್ಟನನ್ನು ಕೇಳಿದಳು.

"ಎಲ್ಲಾ ಬರಕೊಂಡ್ರೇನ್ರಿ? ಗುರೆಳ್ಳು ಚಟ್ನಿ ಹೇಳಾಕ ಮರತಿದ್ದೆ, ಅದನ್ನೂ ಹಾಕಿಕೊಳ್ರಿ."

ಹೊರಗೆ ಬೇವಿನ ಮರದ ಕೆಳಗೆ ಗುರುಬಸವರಾಜ ಕಪ್ಪು ಕೋಟು ತೆಗೆದು ಹೆಗಲಿಗೆ ಬಡಿದುಕೊಂಡ. "ನಿನ್ನ ಕೈ ನೀನ ಕಡಕೊಂಡೆಲ್ಲಬೇ! ಆ ಲಾರಿ ಅರ್ಧ ಕಡದಿತ್ತು, ಉಳಿದದ್ದು ಇವತ್ತು ನೀ ಕಡದಿ" ಎಂದು ಬೈದು ಹೊರಟುಹೋದ. ಬೈಯಲಿ, ಅವನ ಹೊಟ್ಟೆಯ ಸಂಕಟ ಅವನಿಗೆ. ಹುಲುಗಣ್ಣ ದೂರದಲ್ಲಿ ಬೀಡಿ ಸೇದುತ್ತ ನಿಂತಿದ್ದ, ಹತ್ತಿರ ಬರಲಿಲ್ಲ. ಪಂಪಮ್ಮ ನೆಲದ ಮೇಲೆ ಕುಳಿತಳು. ಆಗ ಅವಳ ಪಕ್ಕಕ್ಕೆ ಬಂದು ಕುಳಿತವಳು ಕರಿಯಕ್ಕ. ಸಂಚಿಯಿಂದ ಎಲೆ ತೆಗೆದು, ಸುಣ್ಣ ಹಚ್ಚಿ, ಮಡಚಿ ಬೀಗತಿಯ ಎಡಗೈಗೆ ಇಟ್ಟಳು.

"ಗುರೆಳ್ಳು ಚಟ್ನಿ ಅಂದ್ರ ನನಗೂ ಪ್ರಾಣ" ಎಂದಳು.

ಅದರ ನಂತರ ಹಂಪಸಾಗರದಲ್ಲಿ ನಾಯಿಯ ಮಾತು ಯಾರೂ ಆಡಲಿಲ್ಲ. ಆದರೆ ಎಲೆ ಅಡಿಕೆಯಿಂದ ಬೆರಳು ಆಡುವುದಿಲ್ಲವಲ್ಲ.

ತೀರ್ಪು ಬಂತು. ಪಂಪಮ್ಮ ಗೆದ್ದಿದ್ದಳು. ಅವಳ ಕೈಗೆ ಇಷ್ಟು, ಪಟ್ಟ ನೋವಿಗೆ ಇಷ್ಟು, ಆಸ್ಪತ್ರೆಗೆ ಇಷ್ಟು ಎಂದು ಬರೆದು, ಕಂಪನಿಯನ್ನು ಬಿಟ್ಟು, ಎಲ್ಲವನ್ನೂ ಗಾಡಿಯ ಮಾಲೀಕನೇ ಬಡ್ಡಿ ಸಮೇತ ಕೊಡತಕ್ಕದ್ದು ಎಂದಿತ್ತು. ಗೆದ್ದವ ಸೋತ, ಸೋತವ ಸತ್ತ ಎಂದು ಹಿರಿಯರು ಕೋರ್ಟನ್ನು ನೋಡಿಯೇ ಹೇಳಿರಬೇಕು. ಅಂದಿನಿಂದ ಹುಲುಗಣ್ಣ ಓಣಿಯಲ್ಲಿ ತಲೆ ತಗ್ಗಿಸಿ ನಡೆದ. ಅವನ ಹೆಂಡತಿ ಪಂಪಮ್ಮನ ಮನೆಗೆ ಮಜ್ಜಿಗೆ ಕೊಡುವುದನ್ನು ನಿಲ್ಲಿಸಿದಳು. ಗೋಡೆಗೆ ಗೋಡೆ ಅಂಟಿದ ಮನೆಗಳು. ಆ ಕಡೆ ಕೆಮ್ಮಿದರೆ ಈ ಕಡೆ ಕೇಳುತ್ತಿತ್ತು. ಎರಡು ಮನೆಯವರೂ ಮೆಲ್ಲಗೆ ಕೆಮ್ಮಲು ಕಲಿತರು.

ಪಂಪಮ್ಮ ಎಡಗೈಯಿಂದ ರೊಟ್ಟಿ ಬಡಿಯಲು ನೋಡಿದಳು. ಒಂದು ಮಗ್ಗುಲು ದಪ್ಪ, ಒಂದು ಮಗ್ಗುಲು ತೂತು. ಖಾನಾವಳಿಯವನು ಒಂದು ವಾರ ನೋಡಿ ಬೇರೆಯವಳನ್ನು ಹಿಡಿದ. ಆಮೇಲೆ ಅವಳು ಅವರಿವರ ಮನೆಯ ಜೋಳ ಹಸನು ಮಾಡುವುದು, ಗಿರಣಿಗೆ ಒಯ್ದು ಬೀಸಿಸಿ ತರುವುದು ಮಾಡಿಕೊಂಡಳು. ಎಡಗೈ, ಹೆಗಲು, ಹಲ್ಲು ಎಲ್ಲ ಕೂಡಿಸಿ ಚೀಲ ಎತ್ತುತ್ತಿದ್ದಳು. "ಕೊಡಬೇ, ನಾ ಎತ್ತತೀನಿ" ಎಂದು ಯಾರಾದರೂ ಬಂದರೆ, "ನನಗೇನಾಗೈತಿ, ಸರಿ ಅತ್ಲಾಗ" ಎಂದು ರೇಗುತ್ತಿದ್ದಳು.

ವಕೀಲ ಬಿಡಲಿಲ್ಲ. "ಡಿಕ್ರಿ ಇಟ್ಟುಕೊಂಡು ಉಪ್ಪಿನಕಾಯಿ ಹಾಕ್ತಿ ಏನು? ಟೆಂಪೋ ಜಪ್ತಿ ಮಾಡಿಸಿ ಹರಾಜಿಗೆ ಹಾಕಿದ್ರ ಅರ್ಧ ದುಡ್ಡಾದರೂ ಬರತೈತಿ" ಎಂದ. ಪಾಲಣ್ಣ ಬಾಯಿಬಿಟ್ಟು ಏನೂ ಕೇಳಲಿಲ್ಲ, ಆದರೆ ಅವನು ಈಗ ಇನ್ನೊಬ್ಬರ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದ. ದಾವಣಗೆರೆಯ ಡಾಕ್ಟರು ಕೈ ಹಿಡಿದು ನೋಡಿ, ಈ ವರ್ಷ ಬಿಟ್ಟರೆ ಮುಂದೆ ಮುಟ್ಟುವುದಿಲ್ಲ ಎಂದುಬಿಟ್ಟರು. ಗಾದೆಮ್ಮ ಅತ್ತಳು. "ಅವ್ವಾ, ಹುಲುಗಣ್ಣಮಾವ ದುಡದು ಇನ್ನೊಂದು ಗಾಡಿ ತಗೋತಾನ. ನಿನಗ ಇನ್ನೊಂದು ಕೈ ಎಲ್ಲಿಂದ ತರ್ತಿ?" ಪಂಪಮ್ಮನಿಗೂ ಅದು ಸರಿ ಅನ್ನಿಸಿತು. ನಿಜಕ್ಕೂ ಸರಿಯೇ. ಜಪ್ತಿಯ ಅರ್ಜಿಗೆ ಎಡಗೈ ಹೆಬ್ಬೆಟ್ಟು ಒತ್ತಿದಳು.

ಅಮೀನ ಬಂದದ್ದು ಎರಡು ಸಾವಿರದ ಮೂರರ ಬೇಸಿಗೆಯ ಒಂದು ಬೆಳಿಗ್ಗೆ. ಕೋರ್ಟಿನ ಹುಕುಂ ಹಿಡಿದು, ಜೊತೆಗೆ ಜವಾನನನ್ನು ಕರೆದುಕೊಂಡು ಓಣಿಗೆ ಬಂದ. ಜಪ್ತಿಗೆ ಒಂದು ಕ್ರಮ ಇದೆ: ಗೆದ್ದವರು ಮುಂದೆ ನಿಂತು, ಇದೇ ಅವರ ವಸ್ತು ಎಂದು ಬೆರಳು ಮಾಡಿ ತೋರಿಸಬೇಕು. ತೋರಿಸದಿದ್ದರೆ ಅಮೀನ ಹಾಗೆಂದು ಬರೆದುಕೊಂಡು ವಾಪಸು ಹೋಗುತ್ತಾನೆ.

ಹುಲುಗಣ್ಣನಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಟೆಂಪೋವನ್ನು ಎಲ್ಲಾದರೂ ಹರಪನಹಳ್ಳಿ, ಹಡಗಲಿ ಕಡೆ ಅಡಗಿಸಿಡಬಹುದಿತ್ತು. ಬೇರೆಯವರು ಅದನ್ನೇ ಮಾಡುತ್ತಾರೆ. ಅವನು ತೊಳೆದು ಒರೆಸಿ ಮನೆಯ ಮುಂದೆ ನಿಲ್ಲಿಸಿದ್ದ. ಸ್ಟೇರಿಂಗಿನ ಮುಂದೆ ಅಂಟಿಸಿದ್ದ ಕೊಟ್ಟೂರೇಶ್ವರನ ಪಟವನ್ನು ಬಿಡಿಸಿ ತೆಗೆದು, ಎದೆಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಹೆಂಡತಿ ಒಳಗೆ ಅಳುತ್ತಿದ್ದಳು, ಗೋಡೆಯಾಚೆಗೂ ಕೇಳುವಷ್ಟು.

ಪಂಪಮ್ಮ ಸೆರಗು ಹೊದ್ದು ಹೊರಗೆ ಬಂದಳು. ಹುಲುಗಣ್ಣ ಅವಳನ್ನು ನೋಡಲಿಲ್ಲ. "ಕೀಲಿ ಅದರಾಗ ಐತ್ರಿ" ಎಂದು ಅಮೀನನಿಗೆ ಹೇಳಿದ.

"ಬಾರಬೇ ಮುಂದಕ" ಎಂದ ಅಮೀನ. "ನೀ ಬಿದ್ದ ಟೆಂಪೋ ಇದೇ ಹೌದಲ್ಲ? ಕೈ ಮಾಡಿ ತೋರಸು."

ಪಂಪಮ್ಮ ಟೆಂಪೋದ ಸುತ್ತ ಒಂದು ಸುತ್ತು ಬಂದಳು. ಮಗ್ಗುಲ ಹಲಗೆಯ ತಗ್ಗು ಹಾಗೇ ಇತ್ತು, ಮೇಲೆ ಬಣ್ಣ ಬಳಿದಿದ್ದರು, ಅಷ್ಟೇ. ಅಲ್ಲೇ ಅವಳ ಕೈ ಸಿಕ್ಕಿದ್ದು. ಆ ತಗ್ಗಿನ ಮೇಲೆ ಎಡಗೈ ಆಡಿಸಿದಳು. ಸಿಟ್ಟು ಬಂತು, ಲಾರಿಯವನ ಮೇಲೆ, ವಕೀಲರ ಮೇಲೆ, ಓಡಿಹೋಗದೆ ನಿಂತ ಈ ಹುಲುಗ್ಯಾನ ಮೇಲೂ ಬಂತು. ಅವನು ಟೆಂಪೋ ಓಡಿಸಿಕೊಂಡು ಹೋಗಿದ್ದರೆ ಅವನಿಗೆ ಶಾಪ ಹಾಕಿಯಾದರೂ ಇರಬಹುದಿತ್ತಲ್ಲ.

"ಇದಲ್ರಿ" ಎಂದಳು.

ಅಮೀನ ಹುಕುಂ ನೋಡಿದ, ಟೆಂಪೋದ ನಂಬರು ನೋಡಿದ. "ಏನಬೇ, ನಂಬರು ಇದ ಐತಲ್ಲ?"

"ನಂಬರು ನನಗ ಓದಾಕ ಬರಂಗಿಲ್ರಿ. ನಾ ಬಿದ್ದ ಟೆಂಪೋ ಬ್ಯಾರೆ ಇತ್ತು, ಇದಲ್ಲ."

"ವಿಚಾರ ಮಾಡಿ ಹೇಳು. ಹಿಂಗಂದ್ರ ನಾ ಬರಕೊಂಡು ಹೋಗ್ತೀನಿ. ಆಮ್ಯಾಗ ನಿನ್ನ ವಕೀಲ ಬಂದು ನನ್ನ ಮ್ಯಾಲೆ ಹಾರ್ಯಾಡ್ತಾನ."

"ಬರಕೊಳ್ರಿ. ಕೊಟ್ಟೂರಜ್ಜನ ಆಣಿ, ಇದಲ್ಲ."

ಅಮೀನನೂ ಸಂಸಾರವಂದಿಗ. ಹುಲುಗಣ್ಣನ ಎದೆಯ ಮೇಲಿನ ಪಟ ನೋಡಿದ, ಹೆಂಗಸಿನ ಕೊಕ್ಕೆ ಕೈ ನೋಡಿದ, ಏನೋ ಗೊಣಗುತ್ತ ಬರೆದುಕೊಂಡು ಅವಳ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ. ಓಣಿಯ ಜನ ಒಬ್ಬೊಬ್ಬರೇ ಒಳಗೆ ಸರಿದರು.

"ಯಕ್ಕಾ" ಎಂದ ಹುಲುಗಣ್ಣ.

"ಬಾಯಿ ಮುಚ್ಚಲೇ. ಆವತ್ತು ಕೋರ್ಟಿನ್ಯಾಗ ಹೇಳಬೇಕಾಗಿದ್ದ ಸುಳ್ಳು. ಆವತ್ತು ಬರಲಿಲ್ಲ, ಇವತ್ತು ಬಂತು." ಸೆರಗಿನಿಂದ ಮುಖ ಒರೆಸಿಕೊಂಡಳು. "ಅಜ್ಜನ ಪಟ ಇದ್ದಲ್ಲೇ ಹಚ್ಚು ಮೊದಲ."

ಅವನು ಪಟ ಅಂಟಿಸಿ ಬರುವವರೆಗೆ ಅಲ್ಲೇ ನಿಂತಿದ್ದಳು. ಅವಳ ಬಾಗಿಲಲ್ಲಿ ಗಿರಣಿಗೆ ಹೋಗಬೇಕಾದ ಜೋಳದ ಚೀಲ ಇತ್ತು. ಅದನ್ನು ನೋಡಿದಳು, ತನ್ನ ಬಲಗೈಯನ್ನು ನೋಡಿದಳು.

"ಹುಲುಗ್ಯಾ, ಆ ಚೀಲ ಎತ್ತಿ ಗಾಡಿಯಾಗ ಇಡಪ್ಪಾ" ಎಂದಳು. "ನನ್ನ ಕೈಲೆ ಆಗಂಗಿಲ್ಲ."